ನಂಬದವರ ನೀತಿ

ಕಳೆದ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಬೇವು-ಬೆಲ್ಲದ ಬಗ್ಗೆ ಬರೆದಿದ್ದೆವು. ಈ ಸಲದ ವಿಷಯ ಅಷ್ಟು ಸಿಹಿಯಲ್ಲ, ಪೂರ್ತಿ ಕಹಿಯೂ ಅಲ್ಲ. ಮಗಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ. "ನನ್ನ ಹೆಸರು ಮಾತ್ರ ಹಾಕಬೇಡಿ, ಮಿಕ್ಕಿದ್ದು ನಿಮ್ಮಿಷ್ಟ" ಎಂದಿದ್ದಾಳೆ.

ನಮ್ಮ ದೇವಸ್ಥಾನದಲ್ಲಿ ಪ್ರತಿ ಜೂನ್ ತಿಂಗಳಲ್ಲಿ ಹೈಸ್ಕೂಲು ಮುಗಿಸಿದ ಮಕ್ಕಳಿಗಾಗಿ ಗ್ರಾಜುಯೇಷನ್ ಪೂಜೆ ನಡೆಯುವುದು ತಮಗೆಲ್ಲ ಗೊತ್ತೇ ಇದೆ. ಅರ್ಚನೆ, ಆಶೀರ್ವಾದ ಆದಮೇಲೆ ಒಬ್ಬೊಬ್ಬರೂ ಮೈಕಿನ ಮುಂದೆ ನಿಂತು "ನಮ್ಮ ಧರ್ಮ ನನಗೆ ಕಲಿಸಿದ್ದು" ಎಂದು ಎರಡು ನಿಮಿಷ ಮಾತಾಡಬೇಕು. ಈ ವರ್ಷ ನಮ್ಮ ಮಗಳ ಸರದಿ. ಪೂಜೆಗೆ ಎರಡು ವಾರ ಇರುವಾಗ, ದೇವಸ್ಥಾನದಿಂದ ಮನೆಗೆ ಬರುವ ದಾರಿಯಲ್ಲಿ, ಕಾರಿನ ಹಿಂದಿನ ಸೀಟಿನಿಂದ ಹೇಳಿದಳು: "ಅಮ್ಮ, ನಾನು ಮಾತಾಡಲ್ಲ. ನನಗೆ ದೇವರಲ್ಲಿ ನಂಬಿಕೆ ಇಲ್ಲ. ಎರಡು ವರ್ಷ ಆಯ್ತು. ದೇವರ ಮುಂದೆ ನಿಂತು ಸುಳ್ಳು ಹೇಳೋಕೆ ನನ್ನ ಕೈಲಿ ಆಗಲ್ಲ."

ಇಲ್ಲದ ದೇವರ ಮುಂದೆ ಸುಳ್ಳು ಹೇಳಲು ಇವಳಿಗೇಕೆ ಅಳುಕು ಎಂದು ಈಗ ನಗು ಬರುತ್ತದೆ. ಅವತ್ತು ನಗು ಬರಲಿಲ್ಲ. ಮುಂದಿನ ಎಕ್ಸಿಟ್ ಬರುವವರೆಗೆ ಕಾರಿನಲ್ಲಿ ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ನಮ್ಮಲ್ಲೊಬ್ಬರು (ಯಾರೆಂದು ಹೇಳುವುದಿಲ್ಲ) "ಹಾಗಾದರೆ ನಾಳೆ ಕಾಲೇಜಿನಲ್ಲಿ ತಪ್ಪು ಮಾಡದ ಹಾಗೆ ನಿನ್ನನ್ನ ತಡೆಯೋದು ಯಾರು?" ಎಂದು ಕೇಳಿಬಿಟ್ಟೆವು. ಅವಳು ಕಿಟಕಿಯ ಕಡೆ ತಿರುಗಿ, "ಇಷ್ಟು ದಿನ ನಾನು ತಪ್ಪು ಮಾಡದೆ ಇದ್ದದ್ದು ಹೆದರಿಕೆಯಿಂದ ಅಂತ ಅಂದುಕೊಂಡಿದ್ರಾ?" ಎಂದಳು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ವಿಷಯ ನಮ್ಮ ಮನೆಯೊಳಗೇ ಉಳಿಯಲಿಲ್ಲ. ಮೂರು ವರ್ಷದಿಂದ ಅವಳು ಭಾನುವಾರದ ಚಿಕ್ಕಮಕ್ಕಳ ತರಗತಿಯಲ್ಲಿ ಸಹಾಯ ಮಾಡುತ್ತಿದ್ದಾಳೆ. ಶ್ಲೋಕ ಹೇಳಿಸುವುದು, ಗಣಪತಿಗೆ ಬಣ್ಣ ತುಂಬಿಸುವುದು, ಪಂಚತಂತ್ರದ ಕತೆ ಹೇಳುವುದು ಅವಳ ಕೆಲಸ. ಪಾರ್ಕಿಂಗ್ ಲಾಟಿನಲ್ಲಿ ಸುದ್ದಿ ಎಷ್ಟು ಬೇಗ ಹರಡುತ್ತದೆಂದು ಬಲ್ಲವರೇ ಬಲ್ಲರು. ಒಬ್ಬ ಮಗುವಿನ ತಂದೆ ಫೋನ್ ಮಾಡಿದರು. "ನೋಡಿ ಸಾರ್, ಬೇಜಾರು ಮಾಡ್ಕೋಬೇಡಿ. ಒಳ್ಳೆ ಹುಡುಗಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ದೇವರನ್ನೇ ನಂಬದೋರು ನಮ್ಮ ಮಕ್ಕಳಿಗೆ ಇದು ಸರಿ, ಇದು ತಪ್ಪು ಅಂತ ಯಾವ ಆಧಾರದ ಮೇಲೆ ಹೇಳ್ತಾರೆ?" ಮನಸ್ಸಿಗೆ ನೋವಾಯಿತು. ಆದರೆ ಕಾರಿನಲ್ಲಿ ನಾವು ಕೇಳಿದ್ದೂ ಇದೇ ಪ್ರಶ್ನೆಯಲ್ಲವೇ? ಅವರ ಮೇಲೆ ಸಿಟ್ಟು ಮಾಡುವ ಹಕ್ಕು ನಮಗಿರಲಿಲ್ಲ.

ಅಂದಿನಿಂದ ಕಪಾಟಿನಲ್ಲಿ ಧೂಳು ಹಿಡಿದಿದ್ದ ಪುಸ್ತಕಗಳನ್ನೆಲ್ಲ ಇಳಿಸಿ ಓದಿದ್ದೇವೆ. ಮೊದಲು ತಿಳಿದದ್ದು, "ನಾಸ್ತಿಕ" ಎಂಬ ಮಾತನ್ನು ನಾವು ಇಲ್ಲಿಯ ಇಂಗ್ಲಿಷ್ ಪದದ ಅರ್ಥದಲ್ಲಿ ಬಳಸುತ್ತಿದ್ದೇವೆಂಬುದು. ಹಿಂದಿನವರು ನಾಸ್ತಿಕನೆಂದದ್ದು ಮುಖ್ಯವಾಗಿ ವೇದದ ಪ್ರಾಮಾಣ್ಯವನ್ನು ಒಪ್ಪದವನನ್ನು. ಜಗತ್ತನ್ನು ಸೃಷ್ಟಿಸಿದ ಈಶ್ವರನನ್ನು ಒಪ್ಪದೆಯೂ ಆಸ್ತಿಕರ ಸಾಲಿನಲ್ಲಿ ಕೂತವರು ನಮ್ಮಲ್ಲಿದ್ದಾರೆ. ಸಾಂಖ್ಯಕಾರಿಕೆಯಲ್ಲಿ ಈಶ್ವರನಿಗೆ ಕೆಲಸವೇ ಇಲ್ಲ. ಯಜ್ಞಯಾಗಾದಿಗಳ ಪರವಾಗಿ ಜೀವನವಿಡೀ ವಾದಿಸಿದ ಮೀಮಾಂಸಕ ಕುಮಾರಿಲಭಟ್ಟನೇ ಸೃಷ್ಟಿಕರ್ತನ ಕಲ್ಪನೆಯನ್ನು ತನ್ನ ಶ್ಲೋಕವಾರ್ತಿಕದಲ್ಲಿ ಖಂಡಿಸಿದ್ದಾನೆ. ಇನ್ನು 14ನೆಯ ಶತಮಾನದಲ್ಲಿ, ವಿಜಯನಗರದ ಕಾಲದಲ್ಲಿ, ಮಾಧವಾಚಾರ್ಯರು ಬರೆದ ಸರ್ವದರ್ಶನಸಂಗ್ರಹ ಶುರುವಾಗುವುದೇ ಚಾರ್ವಾಕರಿಂದ. ಒಪ್ಪಲಿಲ್ಲ, ನಿಜ, ಆದರೆ ಅವರ ಮಾತನ್ನು ಮೊದಲು ಕೇಳಿಸಿಕೊಂಡೇ ಮುಂದೆ ಹೋದರು. ನಾವು ಕಾರಿನಲ್ಲಿ ಅಷ್ಟನ್ನೂ ಮಾಡಿರಲಿಲ್ಲ.

ಫೋನ್ ಮಾಡಿದವರ ಪ್ರಶ್ನೆಗೆ ನಮಗೆ ಸಿಕ್ಕ ಗಟ್ಟಿ ಉತ್ತರ ಮಹಾಭಾರತದ ಕೊನೆಯಲ್ಲಿದೆ. ಈ ಕತೆಯನ್ನು ನಾವೇ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇವೆ, ಯೋಚಿಸಿರಲಿಲ್ಲ ಅಷ್ಟೆ. ದ್ರೌಪದಿ, ತಮ್ಮಂದಿರು ಎಲ್ಲರೂ ದಾರಿಯಲ್ಲಿ ಬಿದ್ದು, ಯುಧಿಷ್ಠಿರನೊಬ್ಬ ನಾಯಿಯೊಂದಿಗೆ ಉಳಿದಾಗ ಇಂದ್ರ ರಥ ತರುತ್ತಾನೆ. ಸ್ವರ್ಗದಲ್ಲಿ ನಾಯಿಗೆ ಜಾಗವಿಲ್ಲ, ಬಿಟ್ಟು ಬಾ ಎನ್ನುತ್ತಾನೆ. ಹೇಳುತ್ತಿರುವವನು ದೇವತೆಗಳ ರಾಜ. ಎದುರಿಗಿರುವುದು ಸ್ವರ್ಗ. ಆದರೂ ಯುಧಿಷ್ಠಿರ ನಂಬಿ ಬಂದ ಪ್ರಾಣಿಯನ್ನು ಬಿಡಲೊಲ್ಲ. ದೇವರು ಹೇಳಿದ್ದೆಲ್ಲ ಸರಿ ಎನ್ನುವುದಾದರೆ ಯುಧಿಷ್ಠಿರ ಅಲ್ಲಿ ತಪ್ಪು ಮಾಡಿದ ಹಾಗಾಯಿತು. ಕತೆ ಹಾಗೆ ಹೇಳುವುದಿಲ್ಲ. ನಾಯಿಯ ರೂಪದಲ್ಲಿದ್ದವನು ಧರ್ಮನೇ ಎಂದು ಆಮೇಲೆ ತಿಳಿಯುತ್ತದೆ, ನಿಜ. ಆದರೆ ಬಿಡಲೊಲ್ಲೆ ಎಂದಾಗ ಅವನಿಗದು ಬರೀ ನಾಯಿ. ಇದನ್ನು ಹೋಲುವ ಪ್ರಶ್ನೆಯನ್ನು ಗ್ರೀಸಿನಲ್ಲಿ ಪ್ಲೇಟೋ ತನ್ನ ಯೂಥಿಫ್ರೋ ಸಂವಾದದಲ್ಲಿ ಸಾಕ್ರೆಟೀಸನ ಬಾಯಲ್ಲಿ ಕೇಳಿಸಿದ್ದಾನೆ: ದೇವತೆಗಳು ಮೆಚ್ಚಿದ್ದರಿಂದ ಅದು ಒಳ್ಳೆಯದಾಯಿತೋ, ಒಳ್ಳೆಯದೆಂದು ಅವರು ಮೆಚ್ಚಿದರೋ? ಮಗಳ ಕಾಲೇಜಿನ ಪುಸ್ತಕದಲ್ಲಿ ಅದು ಮೊದಲ ಪಾಠವಂತೆ. ನಮ್ಮ ಅಜ್ಜಿಯರು ಅದನ್ನೇ ಕೈತುತ್ತು ಹಾಕುತ್ತಾ ನಾಯಿಯ ಕತೆಯಾಗಿ ಹೇಳಿದ್ದರು.

ಪುರಾಣ ಬೇಡ ಎನ್ನುವವರಿಗೆ ನಮ್ಮೂರಿನ ಉದಾಹರಣೆಯೇ ಇದೆ. ನಮ್ಮಲ್ಲೊಬ್ಬರು ಬೆಳೆದದ್ದು ಬಸವನಗುಡಿಯಲ್ಲಿ. ಅಲ್ಲಿ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರನ್ನು ಅರಿಯದವರಿಲ್ಲ. ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, ಇದೇ ಅಮೆರಿಕಾದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ವಾಪಸು ಹೋದವರು (ನಮ್ಮ ಹಾಗೆ ಇಲ್ಲೇ ಮನೆ ಕೊಂಡು ಕೂರಲಿಲ್ಲ). ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿ ದೊಡ್ಡ ಗದ್ದಲಕ್ಕೆ ಗುರಿಯಾದರು. ಬ್ರಹ್ಮಚಾರಿ, ಖಾದಿಧಾರಿ, 2005ರಲ್ಲಿ ತೀರಿಕೊಳ್ಳುವವರೆಗೂ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯೇ ಮನೆ. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎನ್ನುತ್ತಿದ್ದ ಇವರ ಕಾಲೇಜಿನ ಸೀಟಿಗಾಗಿ ನಮ್ಮ ಬೀದಿಯ ತಂದೆತಾಯಿಗಳು ಬೆಳಿಗ್ಗೆ ದೊಡ್ಡಗಣಪತಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬಂದು ಸಾಲು ನಿಲ್ಲುತ್ತಿದ್ದರು! ಇವರ ಕೈಗೆ ಮಕ್ಕಳನ್ನು ಒಪ್ಪಿಸಿದರೆ ಕೆಟ್ಟುಹೋಗುತ್ತಾರೆಂದು ಯಾರೂ ಅಂದದ್ದು ಕೇಳಿಲ್ಲ.

ಎ.ಎನ್. ಮೂರ್ತಿರಾಯರ "ಅಪರವಯಸ್ಕನ ಅಮೆರಿಕಾ ಯಾತ್ರೆ"ಯನ್ನು ನಮ್ಮಲ್ಲಿ ಬಹಳ ಜನ ಓದಿರಬಹುದು. ಅವರೇ ತೊಂಬತ್ತು ದಾಟಿದ ಮೇಲೆ "ದೇವರು" ಎಂಬ ಪುಸ್ತಕ ಬರೆದು, ದೇವರನ್ನು ನಂಬಲು ತಮಗೇಕೆ ಆಗಲಿಲ್ಲವೆಂದು ಸಿಟ್ಟು ಸೆಡವಿಲ್ಲದೆ ಹೇಳಿದ್ದಾರೆ. ಮುದುಕರಾದ ಮೇಲೆ ಎಲ್ಲರೂ ದಾರಿಗೆ ಬರುತ್ತಾರೆ ಎಂದು ಮಗಳ ವಿಷಯದಲ್ಲಿ ನಮ್ಮನ್ನು ಸಮಾಧಾನ ಪಡಿಸುವವರಿಗೆ ಈ ಪುಸ್ತಕ ತೋರಿಸುತ್ತೇವೆ.

ಹಾಗೆಂದು ಮಗಳ ಮಾತನ್ನೆಲ್ಲ ಒಪ್ಪಿಬಿಟ್ಟೆವೆಂದುಕೊಳ್ಳಬೇಡಿ. ಧಾರ್ಮಿಕ ಮನೆಗಳ ಮಕ್ಕಳಿಗಿಂತ ಬೇರೆ ಮಕ್ಕಳೇ ಹೆಚ್ಚು ಉದಾರಿಗಳೆಂದು ವಿಜ್ಞಾನಿಗಳೇ ಹೇಳಿದ್ದಾರೆ ಎಂದು ಒಂದು ದಿನ ವಾದಕ್ಕೆ ಬಂದಳು. ಹುಡುಕಿ ನೋಡಿದೆವು. ಆರು ದೇಶಗಳ ಸುಮಾರು 1,170 ಮಕ್ಕಳಿಗೆ ಸ್ಟಿಕ್ಕರ್ ಕೊಟ್ಟು, ಬೇರೆಯವರಿಗೆ ಎಷ್ಟು ಹಂಚುತ್ತಾರೆಂದು ನೋಡಿದ ಅಧ್ಯಯನ, 2015ರಲ್ಲಿ ಪ್ರಕಟವಾದದ್ದು. ಆಗ ಪತ್ರಿಕೆಗಳೆಲ್ಲ ಕುಣಿದಾಡಿದ್ದವು. ಆಮೇಲೆ, ದೇಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ರೀತಿಯಲ್ಲೇ ತಪ್ಪಾಗಿದೆಯೆಂದು ಬೇರೆ ಸಂಶೋಧಕರು ತೋರಿಸಿದರು. 2019ರಲ್ಲಿ ಬರೆದವರೇ ಅದನ್ನು ಹಿಂದಕ್ಕೆ ಪಡೆದರು. ಮಗಳು ಪೂರ್ತಿ ಓದಿ, "ಸರಿ, ಇದನ್ನ ಇನ್ನು ಹೇಳಲ್ಲ" ಎಂದಳು. ನಿಜ ಹೇಳಬೇಕೆಂದರೆ, ಆ ಸಂಜೆ ಅವಳ ಬಗ್ಗೆ ನಮಗಿದ್ದ ಅರ್ಧ ಚಿಂತೆ ಹೋಯಿತು.

ಉಳಿದರ್ಧ ಇನ್ನೂ ಇದೆ. ಫೋನ್ ಮಾಡಿದ್ದವರೇ ಒಂದು ಮಾತು ಸೇರಿಸಿದ್ದರು: "ನಿಮ್ಮ ಮಗಳ ಒಳ್ಳೆಯತನ ನಿಮ್ಮ ಮನೆಯ ಪೂಜೆ ಪುನಸ್ಕಾರದಿಂದ ಬಂದದ್ದು. ಅವಳು ಅದನ್ನ ಖರ್ಚು ಮಾಡ್ತಾಳೆ. ಅವಳ ಮಕ್ಕಳಿಗೆ ಏನು ಉಳಿಯುತ್ತೆ?" ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಮೊದಲು ನಾವು ಜೈನರನ್ನು ನೆನೆದೆವು. ಶ್ರವಣಬೆಳಗೊಳದ ಗೊಮ್ಮಟನಿಗೇ ಸಾವಿರ ವರ್ಷ ದಾಟಿದೆ. ಜಗತ್ತನ್ನು ಸೃಷ್ಟಿಸಿದ ದೇವರಿಲ್ಲವೆನ್ನುವ ಆ ಧರ್ಮ ಅದಕ್ಕಿಂತ ಎಷ್ಟೋ ಹಳೆಯದು. ಅಹಿಂಸೆಯನ್ನು ತಂದೆಯಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಇಷ್ಟು ಕಾಲ ದಾಟಿಸಿಕೊಂಡು ಬಂದಿಲ್ಲವೇ? ಬಂದಿದ್ದಾರೆ. ಆದರೆ ಬರೀ ಕೈಯಲ್ಲಿ ಅಲ್ಲ. ಕರ್ಮದಲ್ಲಿ ನಂಬಿಕೆ, ವ್ರತ, ಉಪವಾಸ, ಬಸದಿ, ಮುನಿಗಳು, ಸೂರ್ಯಾಸ್ತದ ಮೊದಲೇ ಊಟ, ಹೀಗೆ ದಿನದಿನದ ನಡವಳಿಕೆಯಲ್ಲಿ ಕಟ್ಟಿಕೊಂಡು ದಾಟಿಸಿದ್ದಾರೆ. ಅಂದರೆ ನಮ್ಮ ಮಗಳ ವಿಷಯದಲ್ಲಿ ನಾವು ಹೆದರಬೇಕಾದದ್ದು ದೇವರಿಲ್ಲದ್ದಕ್ಕಲ್ಲ, ಅಭ್ಯಾಸವಿಲ್ಲದ್ದಕ್ಕೆ. ಅತಿಥಿ ಬಂದರೆ ಮೊದಲು ನೀರು ಕೊಡುವುದು, ಹಬ್ಬದ ದಿನ ಬೇರೆಯವರಿಗೆ ಬಡಿಸಿ ಆಮೇಲೆ ಉಣ್ಣುವುದು, ವರ್ಷಕ್ಕೊಂದು ದಿನ ಸತ್ತವರನ್ನು ನೆನೆಯುವುದು: ಇವೆಲ್ಲ ನಮಗೆ ಯೋಚಿಸಿ ಬಂದದ್ದಲ್ಲ, ಕೈಗೆ ರೂಢಿಯಾದದ್ದು. ಕ್ಯಾಲೆಂಡರಿನಲ್ಲಿ ಹಬ್ಬವೇ ಇಲ್ಲದ ಮನೆಯಲ್ಲಿ ಇವಕ್ಕೆ ಯಾವ ದಿನ?

ಇದನ್ನು ಅವಳಿಗೇ ಕೇಳಿದೆವು. ಸ್ವಲ್ಪ ಹೊತ್ತು ಯೋಚಿಸಿ, ಕಾಲೇಜಿನೂರಿನಲ್ಲಿ ಶನಿವಾರ ಫುಡ್ ಬ್ಯಾಂಕಿಗೆ ಹೋಗುವುದಾಗಿಯೂ, ಮೈಸೂರಿನಲ್ಲಿರುವ ಅಜ್ಜಿಗೆ ವಾರಕ್ಕೊಮ್ಮೆ ಫೋನ್ ಮಾಡುವುದಾಗಿಯೂ ಹೇಳಿದಳು. "ದೀಪ?" ಎಂದೆವು. "ಡಾರ್ಮಿನಲ್ಲಿ ಬೆಂಕಿ ಹಚ್ಚೋ ಹಾಗಿಲ್ಲಮ್ಮ" ಎಂದಳು. ತಪ್ಪಿಸಿಕೊಳ್ಳುವ ಉತ್ತರವೇ, ಆದರೂ ಸುಳ್ಳಲ್ಲ.

ಅಜ್ಜಿಗೆ ಹೇಳುವುದೋ ಬೇಡವೋ ಎಂದು ನಾವು ಒದ್ದಾಡುತ್ತಿದ್ದರೆ ಅವಳೇ ಹೇಳಿಬಿಟ್ಟಿದ್ದಳು. ಎಂಬತ್ತೆರಡು ವರ್ಷ, ಇವತ್ತಿಗೂ ಮಡಿ ಬಿಟ್ಟವರಲ್ಲ. ಅವರು ಕೇಳಿದ್ದು ಒಂದೇ: "ದೇವಸ್ಥಾನದಲ್ಲಿ ಬಡಿಸೋಕೆ ಹೋಗ್ತೀಯೋ ಅದನ್ನೂ ಬಿಟ್ಟೆಯೋ?" ಹೋಗುತ್ತೇನೆ ಎಂದಳಂತೆ. "ಸರಿ ಹಾಗಾದರೆ" ಎಂದು ಸೊಂಟನೋವಿನ ಸುದ್ದಿ ತೆಗೆದರಂತೆ.

ನಮಗೊಂದು ತಪ್ಪು ಮಾತ್ರ ಸ್ಪಷ್ಟವಾಗಿ ಕಂಡಿತು, ಅದು ನಮ್ಮದೇ. "ಸುಳ್ಳು ಹೇಳಿದರೆ ದೇವರು ಕಣ್ಣು ಕಿತ್ತುಬಿಡ್ತಾನೆ" ಎಂದು ಊರಿನಲ್ಲಿ ನಮಗೆ ಹೇಳಿದ್ದನ್ನೇ ಇಲ್ಲಿ ಮಕ್ಕಳಿಗೂ ಹೇಳುತ್ತಾ ಬಂದಿದ್ದೇವೆ. ಮಗು ಒಂದು ಸಲ ಸುಳ್ಳು ಹೇಳಿ ನೋಡುತ್ತದೆ. ಕಣ್ಣು ಅಲ್ಲೇ ಇರುತ್ತದೆ. ಆಗ ಅದು ದೇವರನ್ನೂ ಬಿಡುತ್ತದೆ, ಸತ್ಯವನ್ನೂ ಬಿಡುತ್ತದೆ. ನಾವು ಎರಡನ್ನೂ ಒಂದೇ ಗಂಟಿಗೆ ಕಟ್ಟಿದ್ದೆವು. ಮಗಳು ಗಂಟು ಬಿಚ್ಚಿ ಒಂದನ್ನು ಇಟ್ಟುಕೊಂಡದ್ದು ನಮ್ಮ ಪುಣ್ಯ. ನಾವಂತೂ ಇಬ್ಬರೂ ನಂಬುವವರೇ. ಕಷ್ಟ ಬಂದಾಗ ನಮಗೆ ಹಿಡಿದುಕೊಳ್ಳಲು ಒಂದು ಹೆಸರಿದೆ. ಅವಳಿಗೆ ಏನಿದೆ ಎಂಬ ಯೋಚನೆ ರಾತ್ರಿ ನಿದ್ದೆಗೆಡಿಸುತ್ತದೆ. ಅದಕ್ಕೆ ಯಾವ ಪುಸ್ತಕದಲ್ಲೂ ಸಮಾಧಾನ ಸಿಕ್ಕಿಲ್ಲ.

ಪೂಜೆಯ ದಿನ ಅವಳು ಮೈಕಿನ ಬಳಿ ಹೋಗಲಿಲ್ಲ. ಹಿರಿಯರಿಗೆಲ್ಲ ನಮಸ್ಕಾರ ಮಾಡಿ ಅಕ್ಷತೆ ಹಾಕಿಸಿಕೊಂಡಳು, ಆಮೇಲೆ ಪುಳಿಯೋಗರೆ ಬಡಿಸುವ ಕಡೆ ನಿಂತಳು. ಸಮಿತಿಯವರು ಆಗಸ್ಟಿನಲ್ಲಿ ಕಾಲೇಜಿಗೆ ಹೋಗುವವರೆಗೆ ಚಿಕ್ಕಮಕ್ಕಳ ತರಗತಿಯಲ್ಲಿ ಅವಳೇ ಮುಂದುವರಿಯಲಿ ಎಂದರು, ಅದೂ ಒಮ್ಮತದಿಂದಲ್ಲ. ಫೋನ್ ಮಾಡಿದ್ದವರು ಮಗುವನ್ನು ಬಿಡಿಸಲಿಲ್ಲ. ಮೊದಲ ಎರಡು ಭಾನುವಾರ ತರಗತಿಯ ಬಾಗಿಲಲ್ಲೇ ನಿಂತು ಅವಳು ಹೇಳುವ ಕತೆಯನ್ನು ಕೊನೆಯವರೆಗೂ ಕೇಳಿದರು. ಮೂರನೆಯ ಭಾನುವಾರ ಮಗುವನ್ನು ಒಳಗೆ ಬಿಟ್ಟು ಕಾಫಿಗೆ ಹೋದರು.