ಎರಡು ದಾರಿ, ಒಂದೇ ರಾಕ್ಷಸ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ. ಒಬ್ಬರು ಕತೆ ನಡೆಸ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಏನು ಮಾಡ್ತೀವಿ ಅಂತ ಹೇಳ್ತಾರೆ, ಅನುಮಾನ ಬಂದಲ್ಲಿ ದಾಳ ಉರುಳುತ್ತೆ. ಇಂದಿರಾನಗರದ ಗೆಳೆಯರ ಮನೆಯಲ್ಲಿ ಭಾನುವಾರ ನಾವು ಆಡೋದು ಇದನ್ನೇ. ಕತೆ ಮೊದಲೇ ಹಾಕಿಟ್ಟ ಹಳಿ ಮೇಲೆ ಹೋಗಬೇಕೋ, ಆಟಗಾರರು ನಡೆದದ್ದೇ ದಾರಿ ಆಗಬೇಕೋ ಅನ್ನೋದು ಇದರ ಹಳೇ ಜಗಳ. ಹಳಿಯನ್ನು ಒಪ್ಪದವರು ಅದಕ್ಕೆ 'ರೈಲ್‌ರೋಡಿಂಗ್' ಅಂತ ಬಯ್ತಾರೆ. (1864ರಿಂದ ರೈಲು ನೋಡ್ತಿರೋ ದಂಡಿನವರಿಗೆ ಇದು ಬೈಗುಳ ಅಂತ ಅನ್ಸೋದು ಕಷ್ಟ.)

ನನಗೆ ಹಳಿ ತಪ್ಪು ಅನ್ಸಲ್ಲ. ನಮ್ಮ ತಾಳಮದ್ದಳೆ ನೋಡಿ. ವಾಲಿ ಸಾಯ್ತಾನೆ ಅನ್ನೋದು ಅರ್ಥಧಾರಿಗೂ ಗೊತ್ತು, ಕೇಳೋರಿಗೂ ಗೊತ್ತು. ಭಾಗವತರ ಪದ್ಯ ಬರೆದಿಟ್ಟದ್ದು, ಮಾತು ಮಾತ್ರ ಅಲ್ಲೇ ಹುಟ್ಟುವಂಥದ್ದು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳೋಕೆ ಜನ ಬರ್ತಿದ್ದದ್ದು ಅವನು ಬದುಕಿಬಿಟ್ಟಾನು ಅಂತಲ್ಲ, ರಾಮನನ್ನ ಇವತ್ತು ಏನು ಕೇಳ್ತಾನೆ ಅಂತ.

ತೊಂದರೆ ಇರೋದು ಬೇರೆ ಕಡೆ. 'ಎಡಕ್ಕೆ ಕಾಡು, ಬಲಕ್ಕೆ ಕೋಟೆ, ಎತ್ತ ಹೋಗ್ತೀರ?' ಅಂತ ಕೇಳಿ, ಎತ್ತ ಹೋದ್ರೂ ಅದೇ ರಾಕ್ಷಸನನ್ನ ತಂದು ನಿಲ್ಲಿಸೋದು. ನಾವು ಅರ್ಧ ಗಂಟೆ ತಲೆ ಕೆಡಿಸ್ಕೊಂಡು ಚರ್ಚೆ ಮಾಡಿರ್ತೀವಿ! 'ನಿಮಗೆ ಗೊತ್ತಾಗಲ್ಲ, ಮಜಾ ಬಂತು ತಾನೆ?' ಅನ್ನೋದು ನಡೆಸೋರ ವಾದ. ಮಜಾ ಬಂತು, ನಿಜ. ಆದ್ರೆ ಗೊತ್ತಾಗದಿದ್ರೆ ಸಾಕು ಅಂತಾದ್ರೆ, ಮರೆಯಲ್ಲಿ ನಿಂತು ಬಾಣ ಬಿಟ್ಟದ್ದರ ಬಗ್ಗೆ ವಾಲಿ ಅಷ್ಟು ಕೇಳೋ ಅಗತ್ಯವೇ ಇರಲಿಲ್ಲ.

ಈಗ ನಮ್ಮಲ್ಲಿ ಮೊದಲೇ ಹೇಳಿಬಿಡ್ತಾರೆ: 'ಈ ವಾರ ಕೋಟೆ ಮಾತ್ರ ಬರ್ಕೊಂಡಿದೀನಿ, ಅಲ್ಲಿಗೇ ನಡೀರಪ್ಪ.' ನಡೀತೀವಿ. ಬಾಗಿಲಲ್ಲಿ ನಾವೇನು ಮಾಡ್ತೀವಿ ಅಂತ ಅವರಿಗೂ ಗೊತ್ತಿರಲ್ಲ.