ಭರವಸೆ ಕೊಟ್ಟವರಾರು, ಇಟ್ಟವರಾರು?

ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಆಟಗಾರನೊಬ್ಬ ಇಂದು ಹೇಗೆ ಆಡುತ್ತಿದ್ದಾನೆ ಎಂಬುದಕ್ಕೆ 'ಲಯ' ಎನ್ನುತ್ತಾರೆ. ಲಯ ಕಂಡುಕೊಂಡ, ಲಯ ಕಳೆದುಕೊಂಡ. ಅವನು ನಾಳೆ ಏನಾಗಬಹುದು ಎಂಬುದಕ್ಕೆ 'ಭರವಸೆಯ ಆಟಗಾರ' ಎನ್ನುತ್ತಾರೆ. ಮೊದಲನೆಯದು ಕಣ್ಣಿಗೆ ಕಾಣುವ ಸಂಗತಿ, ಲೆಕ್ಕಕ್ಕೂ ಸಿಗುತ್ತದೆ. ಎರಡನೆಯದು ಅಷ್ಟು ಸರಳವಲ್ಲ. ಕನ್ನಡದಲ್ಲಿ ಭರವಸೆಯನ್ನು ಕೊಡುವುದೂ ಉಂಟು, ಇಡುವುದೂ ಉಂಟು. ಕೊಟ್ಟವನು ಅದನ್ನು ಉಳಿಸಿಕೊಳ್ಳದಿದ್ದರೆ ತಪ್ಪು ಅವನದು. ಇಟ್ಟದ್ದು ಕೈಗೂಡದಿದ್ದರೆ ತಪ್ಪು ಯಾರದು? 'ಭರವಸೆಯ' ಎಂಬ ಷಷ್ಠೀ ವಿಭಕ್ತಿ ಈ ಎರಡನ್ನೂ ಒಂದೇ ಚೀಲದಲ್ಲಿ ಕಟ್ಟಿ ನಮ್ಮ ಕೈಗೆ ಕೊಡುತ್ತದೆ. ನಾವು ಬಿಚ್ಚಿ ನೋಡುವುದಿಲ್ಲ.

ಬಿಚ್ಚಿ ನೋಡಲು ದೂರದ ಒಂದು ಪ್ರಸಂಗವನ್ನು ಆರಿಸಿಕೊಂಡಿದ್ದೇನೆ. ದೂರದ್ದಾದ್ದರಿಂದ ನಮಗೆ ಅಲ್ಲಿ ಪಕ್ಷವಿಲ್ಲ.

ಕ್ರಿಕೆಟ್ ನೋಡುವ ನಮಗೆಲ್ಲ ಪರಿಚಿತವಾದ ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಚಳಿಗಾಲದುದ್ದಕ್ಕೂ ಬೇರೊಂದು ಆಟ ನಡೆಯುತ್ತದೆ. ಅದನ್ನು ಆಸ್ಟ್ರೇಲಿಯನ್ ಫುಟ್‌ಬಾಲ್ ಎನ್ನುತ್ತಾರೆ. ಮೈದಾನವೂ ಅಂಡಾಕಾರ, ಚೆಂಡೂ ಅಂಡಾಕಾರ. ಒಂದೊಂದು ಕಡೆ 18 ಮಂದಿ. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳು; ನಡುವಿನ ಎರಡರ ಮಧ್ಯೆ ಒದ್ದರೆ ಆರು ಅಂಕ, ಪಕ್ಕಕ್ಕೆ ಜಾರಿದರೆ ಒಂದು. ಈ ಆಟದ ಅತ್ಯಂತ ಹಳೆಯ ಕ್ಲಬ್‌ಗಳಲ್ಲಿ 1858ರ ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್ ಒಂದು. 1964ರ ಹೊತ್ತಿಗೆ ಅದು 12 ಸಲ ಚಾಂಪಿಯನ್ ಆಗಿತ್ತು. ಆಮೇಲೆ 57 ವರ್ಷ ಪ್ರಶಸ್ತಿಯೇ ಇಲ್ಲ. ಅಜ್ಜ ಕಂಡದ್ದನ್ನು ಮೊಮ್ಮಗ ಕಾಣದೆ ಬೆಳೆದ.

ಸೋಲುವ ತಂಡಗಳು ಸೋಲುತ್ತಲೇ ಇರಬಾರದೆಂದು ಈ ಲೀಗಿನಲ್ಲಿ 1986ರಿಂದ ಒಂದು ಏರ್ಪಾಡಿದೆ. ವರ್ಷಕ್ಕೊಮ್ಮೆ, ಹೆಚ್ಚಾಗಿ ಆಗಷ್ಟೇ ಶಾಲೆ ಮುಗಿಸುತ್ತಿರುವ ಹುಡುಗರನ್ನು ಕ್ಲಬ್‌ಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಪಟ್ಟಿಯ ಕೊನೆಯಲ್ಲಿರುವ ತಂಡಕ್ಕೆ ಮೊದಲ ಆಯ್ಕೆ. ಬಿದ್ದವನಿಗೆ ಮೊದಲ ತುತ್ತು ಎಂಬ ನ್ಯಾಯ. ನ್ಯಾಯವೇನೋ ಸರಿ. ಆದರೆ ಅದರ ಬೆನ್ನಿಗೊಂದು ವಿಚಿತ್ರ ಫಲ ಅಂಟಿಕೊಂಡಿದೆ: ಸೋತ ಕ್ಲಬ್ಬಿನ ಅಭಿಮಾನಿಗೆ ಆಸೆ ಎಂಬುದು ಅಮೂರ್ತವಾಗಿ ಉಳಿಯುವುದಿಲ್ಲ. ಅದಕ್ಕೊಂದು ಹೆಸರು, ಮುಖ, ಎತ್ತರ, ತೂಕ ಎಲ್ಲ ಬಂದುಬಿಡುತ್ತವೆ.

2008ರಲ್ಲಿ ಮೆಲ್ಬರ್ನ್ ಆಡಿದ 22 ಪಂದ್ಯಗಳಲ್ಲಿ ಗೆದ್ದದ್ದು ಮೂರು. ಆ ವರ್ಷ ಅದರ ಆಸೆಗೆ ಬಂದ ಹೆಸರು ಜ್ಯಾಕ್ ವಾಟ್ಸ್. ದೇಶಕ್ಕೇ ಮೊದಲ ಆಯ್ಕೆಯಾದ ಹುಡುಗನಿಗೆ ಆಗ 17 ವರ್ಷ. ಮರುವರ್ಷ ಜೂನ್‌ನಲ್ಲಿ, ರಾಣಿಯ ಹುಟ್ಟುಹಬ್ಬದ ರಜೆಯ ದಿನ, ಕಾಲಿಂಗ್‌ವುಡ್ ತಂಡದ ವಿರುದ್ಧ ಅವನ ಮೊದಲ ಪಂದ್ಯ. ಇನ್ನೂ ಶಾಲೆಯ ಕೊನೆಯ ವರ್ಷದಲ್ಲಿದ್ದ. ಚೆಂಡು ಕೈಗೆ ಬಂದಾಗ ಎದುರಾಳಿಗಳು ಒಬ್ಬರ ಮೇಲೊಬ್ಬರಂತೆ ಬಿದ್ದು ಅವನನ್ನು ನೆಲಕ್ಕೊತ್ತಿದರು. ಆ ದೃಶ್ಯ ವರ್ಷಗಟ್ಟಲೆ ಅವನ ಹೆಸರಿಗೆ ಅಂಟಿಕೊಂಡು ಉಳಿಯಿತು.

ಅಲ್ಲಿಂದ ಶುರುವಾದ ವಾದ ಒಂಬತ್ತು ವರ್ಷ ನಡೆಯಿತು. ಒಬ್ಬರು, ಅವನ ಒದೆತದ ಸೊಬಗು ನೋಡಿ, ಆಟ ಅವನ ಕಣ್ಣಿಗೆ ಮೊದಲೇ ಕಾಣುತ್ತದೆ, ಇನ್ನೆರಡು ವರ್ಷ ಕೊಡಿ ಎಂದರು. ಇನ್ನೊಬ್ಬರು, ಮೈಗೆ ಮೈ ತಾಗುವಲ್ಲಿ ಹಿಂಜರಿಯುತ್ತಾನೆ, ಇಷ್ಟು ದಿನ ಬಾರದ್ದು ಇನ್ನು ಬಾರದು ಎಂದರು. ಅದೇ ವರ್ಷ ಎರಡನೆಯ ಆಯ್ಕೆಯಾಗಿ ಪಶ್ಚಿಮ ತೀರದ ಕ್ಲಬ್ಬಿಗೆ ಹೋದವನು ನಿಕ್ ನೈತಾನುಯಿ. ಅವನು ಪರ್ತ್ ನಗರದಲ್ಲಿ ಆಕಾಶಕ್ಕೆ ಜಿಗಿದಾಗಲೆಲ್ಲ ಮೆಲ್ಬರ್ನಿನಲ್ಲಿ ವಾಟ್ಸ್‌ನ ಹೆಸರೇಳುತ್ತಿತ್ತು. ಮನುಷ್ಯನನ್ನು ಇನ್ನೊಬ್ಬ ಮನುಷ್ಯನಿಗೆ ಹೋಲಿಸುವುದೇ ಕಷ್ಟ. ಇಲ್ಲಿ ಅವನನ್ನು ನಡೆಯದೆ ಹೋದ ಒಂದು ಚರಿತ್ರೆಗೇ ಹೋಲಿಸುತ್ತಿದ್ದರು. ನಡೆಯದ ಚರಿತ್ರೆಯಲ್ಲಿ ಯಾರೂ ಗಾಯಗೊಳ್ಳುವುದಿಲ್ಲ, ಯಾರಿಗೂ ಲಯ ತಪ್ಪುವುದಿಲ್ಲ.

ಈ ಜಗಳವನ್ನು ಕೇಳುತ್ತಿದ್ದರೆ ನನಗೆ ನಮ್ಮ ದರ್ಶನಕಾರರ ಹಳೆಯದೊಂದು ಜಗಳ ನೆನಪಾಗುತ್ತದೆ. ಕಾರ್ಯವು ಕಾರಣದಲ್ಲಿ ಮೊದಲೇ ಇರುತ್ತದೆ ಎಂದರು ಸಾಂಖ್ಯರು. ಎಳ್ಳಿನಲ್ಲಿ ಎಣ್ಣೆ ಇದೆ. ಗಾಣ ಅದನ್ನು ಹೊರಗೆ ತರುತ್ತದೆ, ಅಷ್ಟೆ. ಇಲ್ಲದ್ದು ಹೊಸದಾಗಿ ಹುಟ್ಟುವಂತಿದ್ದರೆ ಮರಳನ್ನೂ ಹಿಂಡಬಹುದಿತ್ತಲ್ಲ? ನೈಯಾಯಿಕರು ಒಪ್ಪಲಿಲ್ಲ. ಮಣ್ಣಿನಲ್ಲಿ ಗಡಿಗೆ ಮೊದಲೇ ಇದ್ದಿದ್ದರೆ ಕುಂಬಾರನಿಗೇನು ಕೆಲಸ, ಮಣ್ಣಿನ ಮುದ್ದೆಯಲ್ಲೇ ನೀರು ತರಬಹುದಿತ್ತಲ್ಲ ಎಂದು ಕೇಳಿದರು. ಮಣ್ಣು, ಚಕ್ರ, ದಂಡ, ನೀರು, ಕುಂಬಾರ ಎಲ್ಲ ಕೂಡಿದಾಗ ಹಿಂದೆ ಇಲ್ಲದಿದ್ದ ಗಡಿಗೆ ಹೊಸದಾಗಿ ಹುಟ್ಟುತ್ತದೆ ಎಂಬುದು ಅವರ ಮತ.

ಅಭಿಮಾನಿ ಹುಟ್ಟಾ ಸಾಂಖ್ಯ. 'ಅವನೊಳಗೆ ಇದೆ, ಹೊರಗೆ ಬರಬೇಕು' ಎನ್ನುವಾಗ ಅವನಿಗೆ ಎಣ್ಣೆ ಕಾಣುತ್ತಿರುತ್ತದೆ. ಎಣ್ಣೆ ಬಾರದೆ ಹೋದರೆ ಎರಡೇ ದಾರಿ: ಎಳ್ಳು ಎಂದುಕೊಂಡದ್ದು ಮರಳು, ಇಲ್ಲವೇ ಎಳ್ಳು ತನ್ನ ಎಣ್ಣೆಯನ್ನು ಬಚ್ಚಿಟ್ಟುಕೊಂಡಿದೆ. ಎರಡೂ ಹುಡುಗನ ತಲೆಗೇ ಬರುವ ಆಪಾದನೆಗಳು. ಮೊದಲನೆಯದರಲ್ಲಿ ಅವನು ಮೋಸ, ಎರಡನೆಯದರಲ್ಲಿ ಸೋಮಾರಿ. ಗಾಣದ ಕಡೆಗೆ ಯಾರೂ ತಿರುಗುವುದಿಲ್ಲ.

ಗಾಣ ಹೇಗಿತ್ತು ನೋಡೋಣ. ವಾಟ್ಸ್ ಮೆಲ್ಬರ್ನಿಗೆ ಆಡಿದ ಒಂಬತ್ತು ಋತುಗಳಲ್ಲಿ, ಹಂಗಾಮಿಗಳೂ ಸೇರಿ, ಆರು ಮಂದಿ ಮುಖ್ಯ ತರಬೇತುದಾರರು ಬಂದರು. ಒಬ್ಬನು ಮುಂದೆ ನಿಲ್ಲು ಎಂದರೆ ಮತ್ತೊಬ್ಬನು ಹಿಂದೆ ನಿಲ್ಲು ಎಂದ. 2011ರ ಜುಲೈಯಲ್ಲಿ ಜೀಲಾಂಗ್ ತಂಡದೆದುರು 186 ಅಂಕಗಳ ಸೋಲು. ಮರುದಿನವೇ ತರಬೇತುದಾರ ಡೀನ್ ಬೈಲಿ ಅವರನ್ನು ಕ್ಲಬ್ ತೆಗೆದುಹಾಕಿತು. 2013ರಲ್ಲಿ ಇಡೀ ಋತುವಿಗೆ ಎರಡು ಗೆಲುವು. ಇದು ವಾಟ್ಸ್ ಒಬ್ಬನ ಕಥೆಯೂ ಅಲ್ಲ. 2009ರಲ್ಲೂ ಕೊನೆಯ ಸ್ಥಾನ ಪಡೆದ ಮೆಲ್ಬರ್ನಿಗೆ ಮೊದಲ ಎರಡೂ ಆಯ್ಕೆಗಳು ದಕ್ಕಿದವು: ಟಾಮ್ ಸ್ಕಲಿ ಮತ್ತು ಜ್ಯಾಕ್ ಟ್ರೆಂಗೋವ್. ಸ್ಕಲಿ ಎರಡು ಋತುಗಳ ಬಳಿಕ ದೊಡ್ಡ ಮೊತ್ತದ ಒಪ್ಪಂದಕ್ಕೆ ಸಹಿ ಹಾಕಿ ಹೊಸದಾಗಿ ಹುಟ್ಟಿದ ಸಿಡ್ನಿಯ ಕ್ಲಬ್ಬಿಗೆ ಹೋದ. ಟ್ರೆಂಗೋವ್‌ನನ್ನು 20ನೆಯ ವಯಸ್ಸಿಗೆ ಇಬ್ಬರು ನಾಯಕರಲ್ಲಿ ಒಬ್ಬನಾಗಿ ಮಾಡಿದರು. ಲೀಗಿನ ಇತಿಹಾಸದಲ್ಲೇ ಅಷ್ಟು ಕಿರಿಯ ನಾಯಕನಿರಲಿಲ್ಲ. ಆಮೇಲೆ ಪಾದದ ಒಂದು ಸಣ್ಣ ಮೂಳೆ ಬಿರುಕುಬಿಟ್ಟು ಅವನ ಒಳ್ಳೆಯ ವರ್ಷಗಳನ್ನು ತಿಂದುಹಾಕಿತು. ಒಂದು ಮೂಳೆ! ಸಾಮರ್ಥ್ಯ ಎಂದು ನಾವು ಕರೆಯುವ ಮಹಾವಸ್ತುವಿಗೆ ಎಷ್ಟು ಚಿಕ್ಕ ಬಾಗಿಲು.

ಅದೇ 2009ರ ಪಟ್ಟಿಯಲ್ಲಿ 34ನೆಯ ಆಯ್ಕೆಯಾಗಿ ಅದೇ ಕ್ಲಬ್ಬಿಗೆ ಬಂದ ಇನ್ನೊಬ್ಬ ಹುಡುಗನಿದ್ದ. ಬಹಳ ಎತ್ತರ, ದುರ್ಬಲ ಮೊಣಕಾಲು. ಅವನ ಬಗ್ಗೆ ಯಾರೂ ಅಷ್ಟಾಗಿ ಜಗಳವಾಡಲಿಲ್ಲ, ಏಕೆಂದರೆ ಅವನ ಮೇಲೆ ಯಾರೂ ಅಷ್ಟಾಗಿ ಏನನ್ನೂ ಇಟ್ಟಿರಲಿಲ್ಲ. ಅವನು ಮ್ಯಾಕ್ಸ್ ಗಾನ್. 2021ರಲ್ಲಿ ಮೆಲ್ಬರ್ನ್ ಕೊನೆಗೂ ಚಾಂಪಿಯನ್ ಆದಾಗ ನಾಯಕನಾಗಿ ಕಪ್ ಎತ್ತಿದವನು ಅವನೇ. ಮೊದಲ ಆಯ್ಕೆಗಳ ಮೇಲೆ ಬಿದ್ದ ಬೆಳಕು ತನ್ನ ಮೇಲೆ ಬೀಳದೆ ಇದ್ದುದು ಅವನಿಗೆ ಒಳ್ಳೆಯದೇ ಮಾಡಿತೆ? ನನಗೆ ಹಾಗೆನ್ನಿಸುತ್ತದೆ. ಸಾಬೀತುಮಾಡಲಾರೆ.

ಹಾಗೆಂದು ಸಾಂಖ್ಯರ ಮಾತನ್ನು ಪೂರ್ತಿ ಕೈಬಿಡುವಂತಿಲ್ಲ. ಎಲ್ಲ ಹುಡುಗರೂ ಎಲ್ಲವೂ ಆಗಲಾರರು. ಎತ್ತರ, ಕಣ್ಣು, ಕಾಲಿನ ಹದ, ಇವು ಮಣ್ಣಿನ ಗುಣಗಳು. ಕುಂಬಾರ ಇವನ್ನು ಸೃಷ್ಟಿಸಲಾರ. ಇಂದಿನ ಲಯವನ್ನು ಮಾತ್ರ ನೋಡಿ ತೀರ್ಪು ಕೊಡುತ್ತೇವೆ ಎನ್ನುವವರು ಹೆಚ್ಚು ಪ್ರಾಮಾಣಿಕರಂತೆ ಕಾಣುತ್ತಾರೆ, ಆದರೆ ಅವರದೂ ಒಂದು ಕ್ರೌರ್ಯ. ಅವರ ಕೈಯಲ್ಲಿ ಗಾನ್ ಮೂರನೆಯ ವರ್ಷಕ್ಕೇ ಮನೆಗೆ ಹೋಗುತ್ತಿದ್ದ. ಯಾವುದೇ ಗುರು, ಯಾವುದೇ ತಾಯಿ, ಇನ್ನೂ ಇಲ್ಲದ್ದನ್ನು ಕಾಣದೆ ಕೆಲಸ ಮಾಡಲಾರಳು. ಆದ್ದರಿಂದ ಸಾಮರ್ಥ್ಯದ ಮಾತನ್ನೇ ನಿಲ್ಲಿಸಿ ಎಂದು ನಾನು ಹೇಳಲಾರೆ. ಅದರ ಖರ್ಚು ಯಾರ ಲೆಕ್ಕದಲ್ಲಿ ಬರೆಯಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಈ ಹುಡುಗರು ಧರ್ಮಕ್ಕೆ ಆಡುವವರಲ್ಲ. ಒಳ್ಳೆಯ ಸಂಬಳ ಪಡೆಯುತ್ತಾರೆ. ಅಭಿಮಾನಿ ವರ್ಷ ವರ್ಷ ಸದಸ್ಯತ್ವದ ಹಣ ಕಟ್ಟಿ, ಮಳೆಯಲ್ಲಿ ನೆನೆದು, ಸೋಲು ನೋಡಿ ಮನೆಗೆ ಹೋಗುತ್ತಾನೆ. ಅವನಿಗೆ ಕೇಳುವ ಹಕ್ಕಿಲ್ಲವೆ? ಖಂಡಿತ ಇದೆ. ಶನಿವಾರ ಬಿಟ್ಟ ಚೆಂಡಿನ ಬಗ್ಗೆ ಕೇಳಬಹುದು, ಓಡದ ಓಟದ ಬಗ್ಗೆ ಕೇಳಬಹುದು, ಮೈಗಳ್ಳತನ ಕಂಡರೆ ಅದನ್ನೂ ಹೇಳಬಹುದು. ಸಂಬಳ ಪಡೆದದ್ದು ಮಾಡಿದ ಕೆಲಸಕ್ಕೆ, ಮಾಡಿದ ಕೆಲಸದ ವಿಮರ್ಶೆಗೆ ಅವನು ಬದ್ಧ. ಆದರೆ 'ನೀನು ಆಗಬಹುದಾಗಿದ್ದ ಮನುಷ್ಯನನ್ನು ನಮ್ಮಿಂದ ಕದ್ದೆ' ಎನ್ನುವುದು ಬೇರೆಯೇ ಜಾತಿಯ ದೂರು. ಆ ಮನುಷ್ಯ ಎಂದೂ ನಮ್ಮ ಸ್ವತ್ತಾಗಿರಲಿಲ್ಲ. ಅವನ ಹೆಸರಿನಲ್ಲಿ ನಾವು ಸಾಲ ಎತ್ತಿದೆವು. ಸಾಲಪತ್ರಕ್ಕೆ ಅವನ ಸಹಿ ಇಲ್ಲ. ಸ್ಕಲಿ ಬಿಟ್ಟುಹೋದಾಗ ಅಭಿಮಾನಿಗಳಿಗಾದ ನೋವು ನಿಜ, ಆದರೆ ಅದು ವಚನಭಂಗದ ನೋವಾಗಿರಲಿಲ್ಲ. ಒಪ್ಪಂದದ ಅವಧಿ ಮುಗಿದಿತ್ತು.

ಸಾಲದ ಮಾತು ಬಂದದ್ದರಿಂದ ಇನ್ನೊಂದು ವಿಷಯವನ್ನೂ ಹೇಳಬೇಕು. ಸತತ ಎರಡು ವರ್ಷ ನಾಲ್ಕಕ್ಕಿಂತ ಹೆಚ್ಚು ಗೆಲ್ಲದ ತಂಡಕ್ಕೆ ಆಗ ಹೆಚ್ಚುವರಿ ಆಯ್ಕೆಯೊಂದು ಸಿಗುತ್ತಿತ್ತು. 2009ರಲ್ಲಿ ಮೆಲ್ಬರ್ನ್ ಗೆದ್ದದ್ದು ಸರಿಯಾಗಿ ನಾಲ್ಕು. ಆ ಋತುವಿನ ಬಗ್ಗೆ ದೀರ್ಘ ತನಿಖೆ ನಡೆಯಿತು. ಬೇಕೆಂದೇ ಸೋತರೆಂಬ ಆರೋಪ ರುಜುವಾಗಲಿಲ್ಲ. ಆದರೂ 2013ರಲ್ಲಿ ಲೀಗ್ ಕ್ಲಬ್ಬಿಗೆ 5 ಲಕ್ಷ ಡಾಲರ್ ದಂಡ ವಿಧಿಸಿ, ಅಂದಿನ ತರಬೇತುದಾರ ಮತ್ತು ಫುಟ್‌ಬಾಲ್ ವ್ಯವಸ್ಥಾಪಕರನ್ನು ಅಮಾನತಿನಲ್ಲಿಟ್ಟಿತು. ಸೋಲಿನ ಬೆಲೆಯಾಗಿ ನಾಳೆ ಸಿಗುವಂತಿದ್ದರೆ ಇಂದು ಅಗ್ಗವಾಗುತ್ತದೆ. ಆ ಇಂದಿನಲ್ಲಿ ಆಡುತ್ತಿದ್ದ ಹುಡುಗರಿಗೂ ಒಂದೇ ಯೌವನ ಇತ್ತು.

ಗಡಿಯಾಚೆಗಿನ ನಮ್ಮಂಥ ಸಂಘಗಳಿಗೆ ಇದು ಪೂರ್ತಿ ಪರದೇಶದ ಮಾತಲ್ಲ. ವಾರ್ಷಿಕೋತ್ಸವದಲ್ಲಿ ಒಂದು ಮಗು ತಡವರಿಸದೆ ಕನ್ನಡ ಪದ್ಯ ಹೇಳಿದರೆ, 'ಇಲ್ಲಿ ಕನ್ನಡದ ನಾಳೆ ಇದರ ಕೈಯಲ್ಲಿದೆ' ಎಂದು ವೇದಿಕೆಯಿಂದಲೇ ಘೋಷಿಸುತ್ತೇವೆ. ಮಗುವಿಗೆ ಆಗ ಒಂಬತ್ತು ವರ್ಷ. ಮುಂದೆ ಅದು ರಾಜ್ಯಭಾಷೆಯಲ್ಲೋ ಇಂಗ್ಲಿಷಿನಲ್ಲೋ ಓದಿ, ಹೊಟ್ಟೆಪಾಡಿಗೆ ದೂರದ ಊರು ಸೇರಿದರೆ, 'ಎಂಥ ಪ್ರತಿಭೆ, ವ್ಯರ್ಥವಾಯಿತು' ಎಂದು ನಿಟ್ಟುಸಿರು ಬಿಡುತ್ತೇವೆ. ಆ ಮಗು ನಮಗೆ ಏನನ್ನೂ ಮಾತು ಕೊಟ್ಟಿರಲಿಲ್ಲ, ಪದ್ಯ ಹೇಳಿತ್ತು. ಕನ್ನಡ ತರಗತಿಗೆ ಕನ್ನಡ ಬಲ್ಲ ಅಧ್ಯಾಪಕರಿದ್ದರೆ, ಗ್ರಂಥಾಲಯದ ಬೀರುವಿನ ಬೀಗ ತೆರೆದಿದ್ದರೆ, ಕನ್ನಡದಲ್ಲಿ ಓದಿದವನಿಗೆ ಸುತ್ತಮುತ್ತ ಅನ್ನ ಸಿಗುವಂತಿದ್ದರೆ ಎಂಬುದೆಲ್ಲ ಚಕ್ರ ಮತ್ತು ದಂಡದ ವಿಚಾರ, ಹಿರಿಯರ ಲೆಕ್ಕದ ಬಾಬತ್ತು. ಮಗುವಿಗೆ ಹೊದಿಸಿದ ಶಾಲಿನ ಜೊತೆಗೆ ಆ ಲೆಕ್ಕವನ್ನೂ ಅದರ ಹೆಗಲಿಗೆ ದಾಟಿಸಿಬಿಡುವುದು ನಮಗೆ ಸುಲಭ.

ಮತ್ತೆ ವಾಟ್ಸ್. 2017ರಲ್ಲಿ, ಅದೇ ರಾಣಿಯ ಹುಟ್ಟುಹಬ್ಬದ ದಿನ, ಅದೇ ಕಾಲಿಂಗ್‌ವುಡ್ ವಿರುದ್ಧ, ಪಂದ್ಯ ಮುಗಿಯುವ ಹೊತ್ತಿಗೆ ಚೆಂಡು ಅವನ ಕೈಗೆ ಬಂತು. ಅವನು ಗೋಲು ಒದ್ದ. ಮೆಲ್ಬರ್ನ್ ನಾಲ್ಕು ಅಂಕಗಳಿಂದ ಗೆದ್ದಿತು. ಎಂಟು ವರ್ಷ ಅವನನ್ನು ಆಡಿಕೊಂಡವರೂ ಎದ್ದುನಿಂತು ಕೂಗಿದರು. ಅದೇ ವರ್ಷದ ಕೊನೆಗೆ ಕ್ಲಬ್ ಅವನನ್ನು ಪೋರ್ಟ್ ಅಡಿಲೇಡ್ ಕ್ಲಬ್ಬಿಗೆ ಕೊಟ್ಟು, ಬದಲಿಗೆ 31ನೆಯ ಆಯ್ಕೆಯನ್ನು ಪಡೆಯಿತು. ದೇಶದ ಮೊದಲ ಆಯ್ಕೆಗೆ ಬಂದ ಬೆಲೆ 31 ಎಂದು ಹಲವರು ನಕ್ಕಿರಬೇಕು. ಆ 31ನೆಯ ಆಯ್ಕೆಯಲ್ಲಿ ಕ್ಲಬ್ ತಂದದ್ದು ಬೇಲಿ ಫ್ರಿಚ್ ಎಂಬ ಯುವಕನನ್ನು. ಹದಿನೆಂಟರಲ್ಲಿ ಅವನನ್ನು ಯಾವ ಕ್ಲಬ್ಬೂ ಆರಿಸಿರಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಪರ್ತ್ ನಗರದಲ್ಲಿ ನಡೆದ ಅಂತಿಮ ಪಂದ್ಯವನ್ನು ಮೆಲ್ಬರ್ನ್ 74 ಅಂಕಗಳಿಂದ ಗೆದ್ದಿತು. ಅಂದು ಫ್ರಿಚ್ ಒದ್ದದ್ದು ಆರು ಗೋಲು.

ಆ ಆರರಲ್ಲಿ ವಾಟ್ಸ್‌ನ ಪಾಲೆಷ್ಟು ಎಂದು ಕೇಳಿದರೆ ನೈಯಾಯಿಕ ಒಂದು ಉತ್ತರ ಕೊಡುತ್ತಾನೆ, ಸಾಂಖ್ಯ ಇನ್ನೊಂದು. ಕಪ್ ಎತ್ತುವ ಹೊತ್ತಿಗೆ ವಾಟ್ಸ್ ಆಟ ಬಿಟ್ಟಾಗಿತ್ತು. ಅವನಿಗಾಗ 30 ವರ್ಷ.