ಅಡಿಯಲ್ಲಿರುವ ಭಾರ



"ಫಾದರ್, ಈ ಭಾರ ಇನ್ನು ಹೊರಲಾರೆವು" ಎಂಬ ಮಾತು ನಮ್ಮ ಅನೇಕ ಕುಟುಂಬಗಳಿಂದ ಕೇಳಿಬರುತ್ತಿದೆ. ಹಾಸಿಗೆ ಹಿಡಿದ ತಾಯಿ, ತೀರದ ಸಾಲ, ಕೆಲವರಿಗೆ ವಿವಾಹದ ವಾಗ್ದಾನವೂ ಭಾರವೇ. ಈ ವಿಷಯದಲ್ಲಿ ಒಂದು ಹಾಯಿದೋಣಿಯಿಂದ ನಾವು ಕಲಿಯಬಹುದು.

ಅದರ ಹೆಸರು 'ಸುಹೈಲಿ'. ನಮ್ಮ ಮುಂಬಯಿಯಲ್ಲೇ ತೇಗದ ಮರದಿಂದ ಕಟ್ಟಿದ್ದು. ಉದ್ದ ಕೇವಲ 32 ಅಡಿ. 1968ರ ಜೂನ್ 14ರಂದು ರಾಬಿನ್ ನಾಕ್ಸ್-ಜಾನ್‌ಸ್ಟನ್ ಇದರಲ್ಲಿ ಒಬ್ಬರೇ ಇಂಗ್ಲೆಂಡಿನ ಫಾಲ್ಮತ್ ಬಂದರು ಬಿಟ್ಟರು. ಎಲ್ಲಿಯೂ ತಂಗದೆ ಭೂಮಿಯನ್ನು ಸುತ್ತಿ, 312 ದಿನಗಳ ನಂತರ ಅಲ್ಲಿಗೇ ಮರಳಿದರು. ಆ ಸ್ಪರ್ಧೆಗೆ ಹೊರಟ ಒಂಬತ್ತು ಮಂದಿಯಲ್ಲಿ ಗುರಿ ಮುಟ್ಟಿದವರು ಅವರೊಬ್ಬರೇ.

ಇಂಥ ದೋಣಿಯ ತಳದಲ್ಲಿ ಉದ್ದಕ್ಕೂ ಬೆನ್ನೆಲುಬಿನಂತೆ 'ಕೀಲ್' ಚಾಚಿರುತ್ತದೆ. ಅದರಲ್ಲಿ ಕಬ್ಬಿಣದ ಅಥವಾ ಸೀಸದ ತೂಕ. ಬಂದರಿನ ಇಕ್ಕಟ್ಟಿನಲ್ಲಿ ಇದನ್ನು ತಿರುಗಿಸುವುದು ಕಷ್ಟ, ಓಟವೂ ನಿಧಾನ. ಆದರೆ ಗಾಳಿ ಮಗ್ಗುಲಿಗೆ ಕೆಡವಿದಾಗ ಆ ತೂಕವೇ ಎತ್ತಿ ನಿಲ್ಲಿಸುತ್ತದೆ. ಆ ಉದ್ದವೇ ದಿಕ್ಕು ತಪ್ಪದಂತೆ ಕಾಯುತ್ತದೆ. ಸುಹೈಲಿಯ ಸ್ವಯಂಚಾಲಿತ ಚುಕ್ಕಾಣಿ ದಾರಿಯಲ್ಲೇ ಮುರಿದುಹೋಯಿತು. ಆದರೂ ಹಾಯಿಗಳನ್ನು ಹದವಾಗಿ ಕಟ್ಟಿಬಿಟ್ಟರೆ, ನಾವಿಕ ನಿದ್ರಿಸುವಾಗಲೂ ದೋಣಿ ತನ್ನ ದಾರಿ ಹಿಡಿದು ಸಾಗುತ್ತಿತ್ತು.

ಅಷ್ಟೇ ತೂಕವನ್ನು ಮೇಲಟ್ಟದಲ್ಲಿ ಪೇರಿಸಿದರೆ? ಅದೇ ದೋಣಿ ಮಗುಚುತ್ತದೆ. ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯ ಓದಿರಿ. ಬಿರುಗಾಳಿಗೆ ಸಿಕ್ಕಿದ ಸಂತ ಪೌಲರ ಹಡಗಿನಿಂದ ಸರಕನ್ನೂ ಕೊನೆಗೆ ಗೋಧಿಯನ್ನೂ ಕಡಲಿಗೆ ಎಸೆದರು. ಆಸ್ತಿಜಗಳ, ಹಳೆಯ ಹಗೆ, ನೆರೆಯವರ ಮುಂದೆ ಮೆರೆಯಲೆಂದು ಮಾಡಿದ ಸಾಲದ ಮದುವೆ, ಇವು ಮೇಲಟ್ಟದ ಹೊರೆ. ಕೊಟ್ಟ ಮಾತು, ತಾಯಿಯ ಆರೈಕೆ, ಸಂಜೆಯ ಜಪಸರ ಇವು ಕೀಲಿನ ತೂಕ. (ಆ ಆರೈಕೆಯನ್ನು ಸೊಸೆಯೊಬ್ಬಳ ತಲೆಗೇ ಕಟ್ಟಿದರೆ ಅದೂ ಮೇಲಟ್ಟ ಸೇರಿತೆಂದು ಗಂಡುಮಕ್ಕಳು ತಿಳಿಯಬೇಕು.) ಬಿರುಗಾಳಿ ಬಂದಾಗ ನಾವು ಮೊದಲು ಎಸೆಯಲು ನೋಡುವುದು ಯಾವುದನ್ನು?

ಕೀಲ್ ಇದ್ದರೆ ಬಿರುಗಾಳಿ ತಟ್ಟುವುದಿಲ್ಲವೆಂದಲ್ಲ. ಸುಹೈಲಿಯ ಮಾದರಿಯಲ್ಲೇ ಗೋವೆಯಲ್ಲಿ ಕಟ್ಟಿದ 'ತುರೀಯ' ಎಂಬ ದೋಣಿಯಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ 2018ರಲ್ಲಿ ಅಂಥದೇ ಸ್ಪರ್ಧೆಗೆ ಹೊರಟಿದ್ದರು. ದಕ್ಷಿಣ ಹಿಂದೂ ಮಹಾಸಾಗರದ ಅಲೆಗಳು ದೋಣಿಯನ್ನು ಕೆಡವಿ, ಹಾಯಿಕಂಬಗಳನ್ನು ಮುರಿದವು. ಅವರ ಬೆನ್ನುಮೂಳೆಗೇ ಪೆಟ್ಟಾಯಿತು. ಎದ್ದು ನಿಲ್ಲಲಾಗದೆ ಅವರು ಒಳಗೆ ಮಲಗಿದ್ದ ಆ ದಿನಗಳಲ್ಲಿ ಕಂಬವಿಲ್ಲದ ದೋಣಿ ಮುಳುಗದೆ ತೇಲುತ್ತಲೇ ಇತ್ತು. ಫ್ರೆಂಚ್ ಹಡಗೊಂದು ಬಂದು ಅವರನ್ನು ಕಾಪಾಡಿತು. ಅವರು 2022ರಲ್ಲಿ ಮತ್ತೆ ಹೊರಟು, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ದಡ ಸೇರಿದರು. ಆಗಲೂ ಅವರು ಆರಿಸಿಕೊಂಡದ್ದು ಉದ್ದ ಕೀಲಿನ ದೋಣಿಯನ್ನೇ.